ಕ್ಯಾಸರೋಲಿಗೆ ನಿಮ್ಮ ಒಂದು ಮುಷ್ಟಿ ಉಪ್ಪು

ಮಾವನವರಿಗೆ,

ನಿಮ್ಮ ಸೊಸೆ ಗಂಗಮ್ಮ ಬರೀತಿರೋದು. ಮೊದಲು ಸಾಷ್ಟಾಂಗ ನಮಸ್ಕಾರ ಅಂತ ಬರೀಬೇಕು ಅಂತ ಶಾಲೇಲಿ ಕಲಿಸಿದ್ರು. ಹನ್ನೊಂದು ವರ್ಷ ನಿಮ್ಮ ಮುಂದೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ, ಈ ಸಲ ಬಿಟ್ಬಿಡಿ. ನಿಮಗೆ ಓದೋಕ್ಕೆ ಬರ್ತಿರ್ಲಿಲ್ಲ, ಸತ್ತ ಮೇಲೆ ಬರುತ್ತೋ ಏನೋ ನನಗೆ ಗೊತ್ತಿಲ್ಲ. ಬರದಿದ್ರೆ ಅಲ್ಲಿ ಯಾರಾದ್ರೂ ಅಕ್ಷರ ಬಲ್ಲವರನ್ನ ಹಿಡ್ಕೊಂಡು ಓದಿಸ್ಕೊಳ್ಳಿ. ಆದ್ರೆ ಒಂದು ಮೂಲೇಲಿ ಕೂತು ಓದಿಸ್ಕೊಳ್ಳಿ, ನಾಲ್ಕು ಜನದ ಮುಂದೆ ಓದಿಸೋ ಕಾಗದ ಅಲ್ಲ ಇದು.

ನಾನು ಈ ಮನೆಗೆ ಬಂದ ಮಾರನೇ ದಿನ ಬಡಿಸಿದ ಸೊಪ್ಪಿನ ಸಾರು ನಿಮಗೆ ನೆನಪಿದೆಯಾ? ನನಗಂತೂ ಇದೆ. ಹಲಸೂರು ಕೆರೆ ಕಡೆಗೆ ಮುಖ ಮಾಡಿದ ಇಂಗ್ಲೀಷ್ ದೊರೆಸಾನಿಯ ದೊಡ್ಡ ಬಂಗಲೆ, ಅದರ ಹಿಂದೆ ನಮ್ಮ ಔಟ್‌ಹೌಸಿನ ಎರಡು ಕೋಣೆ, ಪಕ್ಕದಲ್ಲಿ ನಿಮ್ಮ ಮಗನ ಜಟಕಾ ಕುದುರೆಗೆ ಒಂದು ತಗಡಿನ ಶೆಡ್ಡು. ಧಾರೆ ಸೀರೆ ಸೆರಗಲ್ಲೇ ಬೆವರು ಒರೆಸ್ಕೊಂಡು, ಒಲೆ ಊದಿ ಊದಿ ಮಾಡಿದ ಸಾರು. ನೀವು ಒಂದು ಬೆರಳು ಅದ್ದಿದ್ರಿ, ನಾಲಿಗೆಗೆ ಮುಟ್ಟಿಸಿದ್ರಿ, ತಟ್ಟೇನ ಒಂದು ಮೊಳ ಆಚೆ ತಳ್ಳಿದ್ರಿ. "ಉಪ್ಪು ಜಾಸ್ತಿ" ಅಂದ್ರಿ. ಅವತ್ತಿಂದ ದಿನಾ ಎರಡು ಹೊತ್ತು ಅದೇ ಮಾತು. ಒಂದು ದಿನ ರೋಸಿಹೋಗಿ ಉಪ್ಪೇ ಹಾಕದೆ ಬಡಿಸಿದೆ. ಅವತ್ತೂ ಉಪ್ಪು ಜಾಸ್ತಿ ಅಂದ್ರಿ. ನಿಮ್ಮ ನಾಲಿಗೆ ಮೇಲೆ ನನಗಿದ್ದ ಮರ್ಯಾದೆ ಅವತ್ತೇ ಹೋಯ್ತು.

ಜಗಲಿ ಮೇಲೆ ಕೂತು ಬಂದೋರಿಗೆಲ್ಲಾ ನೀವು ಹೇಳ್ತಿದ್ದ ಕತೆ ಈಗಲೂ ಕಿವೀಲಿದೆ. ಕೆ.ಆರ್. ಪುರದ ಆಚೆ ಹಳ್ಳಿಯಿಂದ ಈ ಬಂಗಲೆಗೆ ತೋಟದ ಮಾಲಿಯಾಗಿ ಬಂದ್ರಂತೆ. ಹೂಕೋಸು, ಕ್ಯಾರೆಟ್ಟು, ಬಟಾಣಿ, ನವಿಲುಕೋಸು, ದೊರೆಸಾನಿಗೆ ಬೇಕಾದ ಸೀಮೆ ತರಕಾರಿಯೆಲ್ಲಾ ಬೆಳೆದ್ರಂತೆ. ಒಂದು ಕ್ರಿಸ್ಮಸ್ಸಿಗೆ ನಲವತ್ತು ಜನ ಊಟಕ್ಕೆ. ಬಟ್ಲರ್ ಅಂತೋಣಿಗೆ ಹಕ್ಕಿ ಮಾಂಸ ಬೇಯಿಸೋದ್ರಲ್ಲೇ ಕೈ ಬಿಡುವಿಲ್ಲ, ತರಕಾರಿ ನೋಡೋರಿಲ್ಲ. ದೊರೆಸಾನಿ ತೋಟದಲ್ಲಿದ್ದ ನಿಮ್ಮನ್ನೇ ಕರೆದು, ಕೈ ತೊಳೆಸಿ, ಪಕ್ಕದಲ್ಲಿ ನಿಂತು ಆ ಕ್ಯಾಸರೋಲು ಅನ್ನೋ ಸೀಮೆ ಅಡಿಗೆ ಮಾಡಿಸಿದ್ಲಂತೆ. ಊಟ ಆದ ಮೇಲೆ ದೊರೆಗಳು ನಿಮ್ಮನ್ನ ಬಾಗಿಲಿಗೆ ಕರೆಸಿ ಚಪ್ಪಾಳೆ ತಟ್ಟಿದ್ರಂತೆ. ಆಮೇಲೆ ಕ್ರಿಸ್ಮಸ್ಸಿಗೆ, ಈಸ್ಟರಿಗೆ, ದೊಡ್ಡ ಊಟ ಅಂದ್ರೆ ನೀವೇ. ಬರೋದು ಒಂದೇ ಅಡಿಗೆ, ಜಂಬ ಮಾತ್ರ ಅರಮನೆ ಬಾಣಸಿಗನದ್ದು.

ಆ ದಿನಗಳಲ್ಲಿ ನಾನು ಅಡಿಗೆಮನೆ ಕಿಟಕಿ ಹೊರಗೆ ಕೂತು ತರಕಾರಿ ತೊಳೆದುಕೊಡ್ತಿದ್ದೆ. ಒಳಗೆ ಬರೋಂಗಿಲ್ಲ, ನಿಮ್ಮ ವಿದ್ಯೆ ಕದ್ದುಬಿಡ್ತೀನಲ್ಲಾ. ಕದಿಯೋದು ಏನಿತ್ತು ಅದರಲ್ಲಿ? ಹೂಕೋಸು, ಬೀನ್ಸು, ಕ್ಯಾರೆಟ್ಟು, ಬಟಾಣಿ ಉಪ್ಪುನೀರಲ್ಲಿ ಅರ್ಧ ಬೇಯಿಸೋದು. ಬೆಣ್ಣೇಲಿ ಮೈದಾ ಹುರಿದು ಹಾಲು ಹುಯ್ದು ಗಂಜಿ ಕಾಯಿಸೋದು. ದೊಡ್ಡ ಪಿಂಗಾಣಿ ತಟ್ಟೇಲಿ ಒಂದು ಪದರ ತರಕಾರಿ, ಒಂದು ಪದರ ಗಂಜಿ, ಮೇಲೆ ಚೀಸು ತುರಿದು, ಒಣಗಿದ ಬ್ರೆಡ್ಡಿನ ಪುಡಿ ಉದುರಿಸಿ, ಬೆಣ್ಣೆ ಚೂರು ಇಟ್ಟು ಕಬ್ಬಿಣದ ಒಲೆಯೊಳಗೆ ತಳ್ಳೋದು. ಒಗ್ಗರಣೆ ಇಲ್ಲ, ಒಂದು ಮೆಣಸಿನಕಾಯಿ ಇಲ್ಲ, ಒಂದು ಎಸಳು ಕರಿಬೇವಿಲ್ಲ. ಜ್ವರ ಬಂದೋರಿಗೂ ನಮ್ಮಲ್ಲಿ ಇದಕ್ಕಿಂತ ರುಚಿಯಾಗಿ ಮಾಡಿಕೊಡ್ತಾರೆ. ತಟ್ಟೆಗೊಂದು ಮುಷ್ಟಿ ಕಲ್ಲುಪ್ಪು ಮಾತ್ರ ಕಣ್ಣು ಮುಚ್ಚಿ, ಏನೋ ಮಂತ್ರ ಹೇಳೋರ ಹಾಗೆ ಹಾಕ್ತಿದ್ರಿ. ಅದನ್ನ ನೋಡಿ ನಾನು ಸೆರಗು ಬಾಯಿಗಿಟ್ಕೊಂಡು ನಗ್ತಿದ್ದೆ.

ಒಂದು ಸಲ ಧೈರ್ಯ ಮಾಡಿ, ರುಚಿ ನೋಡಲ್ವಾ ಮಾವ ಅಂತ ಕಿಟಕಿಯಿಂದ ಕೇಳಿದ್ದೆ. ಕತ್ತಿನ ತುಳಸಿಮಣಿ ಮುಟ್ಕೊಂಡು ನನ್ನನ್ನ ನೋಡಿದ ನೋಟ ಮರೆಯೋಂಗಿಲ್ಲ. ಪಾಂಡುರಂಗನ ಭಜನೆ ಮನೇಲಿ ಮಾಲೆ ಹಾಕಿಸ್ಕೊಂಡೋರು ನೀವು. ಮಾಂಸ ಬೇಯೋ ಒಲೆ, ಮಾಂಸ ಮುಟ್ಟಿದ ಸೌಟು, ಆ ಅಡಿಗೆಮನೇದು ಒಂದು ತೊಟ್ಟೂ ಬಾಯಿಗೆ ಹಾಕೋಂಗಿಲ್ಲ. ಮಾಡ್ಬಹುದು, ಮೂಸ್ಬಹುದು, ತಿನ್ನೋಂಗಿಲ್ಲ. ನಮಗೂ ಅದೇ ಕಟ್ಟುಪಾಡು, ಬಂಗಲೆ ಅನ್ನ ಈ ಹೊಸಿಲು ದಾಟಿ ಬರೋಂಗಿಲ್ಲ. ಹಾಗಾಗಿ ಲೋಕ ಮೆಚ್ಚಿದ ನಿಮ್ಮ ಕ್ಯಾಸರೋಲು ಹೆಂಗಿರುತ್ತೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇದಕ್ಕಿಂತ ನಗೆಪಾಟಲು ಬೇಕಾ?

ಈಚಿನ ವರ್ಷಗಳಲ್ಲಿ ಪ್ರತಿ ಕ್ರಿಸ್ಮಸ್ ಮಧ್ಯಾಹ್ನ ನೀವು ಮನೆಗೆ ಬರ್ತಿದ್ದ ಗತ್ತು ಕಣ್ಣಿಗೆ ಕಟ್ಟಿದ ಹಾಗಿದೆ. ಒಗೆದ ಪಂಚೆ, ಕೆಂಪು ರುಮಾಲು. ಅಂತೋಣಿ ಹಿತ್ತಿಲ ಕಟ್ಟೆ ಮೇಲಿಟ್ಟು ಹೋಗ್ತಿದ್ದ ಖಾಲಿ ಪಿಂಗಾಣಿ ತಟ್ಟೆ ನಾಲ್ಕನ್ನೂ ನೀವು ಒಂದೊಂದಾಗಿ ಬಿಸಿಲಿಗೆ ಹಿಡಿದು ತೋರಿಸ್ತಿದ್ರಿ. "ನೋಡಮ್ಮಾ, ಹೆಂಗೆ ನೆಕ್ಕಿದಾರೆ. ತೊಳೆಯೋ ಕೆಲಸವೇ ಇಲ್ಲ. ನಿನ್ನ ಸಾರು ಯಾರಾದ್ರೂ ಹಿಂಗೆ ನೆಕ್ಕಿದ್ದುಂಟಾ?" ಅಂತ ಕೇಳ್ತಿದ್ರಿ. ನಾನು ತಲೆ ತಗ್ಗಿಸ್ಕೊಂಡು ತಟ್ಟೆ ತೊಳೀತಿದ್ದೆ. ನಿಜವಾಗ್ಲೂ ತೊಳೆಯೋಕ್ಕೆ ಏನೂ ಇರ್ತಿರ್ಲಿಲ್ಲ. ಆ ದೊರೆಗಳು ಇಷ್ಟು ಬರಗೆಟ್ಟವರಾ ಅಂತ ಮನಸ್ಸಲ್ಲೇ ಅಂದ್ಕೋತಿದ್ದೆ. ಕ್ರಿಸ್ಮಸ್ ಮಾರನೇ ದಿನ ನಮ್ಮ ಕುದುರೆ ಎರಡು ಬಕೆಟ್ಟು ನೀರು ಜಾಸ್ತಿ ಕುಡಿಯುತ್ತೆ, ಯಾಕೆ ಅಂತ ನಿಮ್ಮ ಮಗ ತಲೆ ಕೆರ್ಕೋತಿದ್ರು. ಅದಕ್ಕೂ ಇದಕ್ಕೂ ಗಂಟು ಹಾಕೋ ಬುದ್ಧಿ ನನಗೆಲ್ಲಿ ಬರ್ಬೇಕು?

ಯುದ್ಧ ಶುರುವಾಗಿ ಮೂರನೇ ವರ್ಷ ಡಬ್ಬಿ ಬೆಣ್ಣೆ ಬಂದದ್ದು ನಿಮಗೆ ನೆನಪಿರುತ್ತೆ. ಸುತ್ತಲಿನ ಹಾಲು ಬೆಣ್ಣೆಯೆಲ್ಲಾ ಸಿಪಾಯಿಗಳ ಪಾಲಾಯ್ತು. ಲಿಂಗರಾಜಪುರದ ಮುನಿಯಮ್ಮ ತರ್ತಿದ್ದ ಎಮ್ಮೆ ಬೆಣ್ಣೆ ನಿಂತುಹೋಯ್ತು. ದೊರೆಸಾನಿ ಸೈನ್ಯದ ಅಂಗಡಿಯಿಂದ ಡಬ್ಬಿ ತರಿಸೋಕ್ಕೆ ಶುರುಮಾಡಿದ್ಲು. ನೀವು ಮುಚ್ಚಳ ತೆಗೆದು ಮೂಸಿ, ಹಾಳು ವಾಸನೆ ಅಂತ ಮುಖ ಸಿಂಡರಿಸಿದ್ರಿ. ಅಷ್ಟರಮಟ್ಟಿಗೆ ನಿಮ್ಮ ಮೂಗು ಚುರುಕು. ಆದ್ರೆ ಮೂಗಿಗೆ ಗೊತ್ತಾಗದ್ದು ಒಂದಿರುತ್ತಲ್ಲಾ ಮಾವ...

ಕಾರ್ತಿಕದಲ್ಲಿ ನೀವು ಹೂಕೋಸಿನ ಪಾತೀಲಿ ಕುಸಿದುಬಿದ್ರಿ. ಕೈಯಲ್ಲಿ ಕಳೆಕುಡುಗೋಲು ಹಾಗೇ ಇತ್ತು. ಅಳಲಿಲ್ಲ ಅಂದ್ರೆ ಸುಳ್ಳಾಗುತ್ತೆ, ಆದ್ರೆ ಯಾಕೆ ಅಳ್ತಿದೀನಿ ಅಂತ ನನಗೇ ಸಿಟ್ಟು ಬಂತು. ಸೂತಕ ಕಳೆದ ವಾರಕ್ಕೆ ಅಂತೋಣಿ ಬಂದು ಹೊಸಿಲಾಚೆ ನಿಂತ. ಹೊಸ ವರ್ಷಕ್ಕೆ ಹೊಸ ಮಾಲಿ ಬರ್ತಾನೆ, ಹೆಂಡತಿ ಮಕ್ಕಳ ಸಮೇತ. ಔಟ್‌ಹೌಸು ಬಂಗಲೇಲಿ ಕೆಲಸ ಮಾಡೋರಿಗೆ ಮಾತ್ರ, ಅಷ್ಟರೊಳಗೆ ಖಾಲಿ ಮಾಡ್ಬೇಕು ಅಂತ ದೊರೆಸಾನಿ ಹೇಳಿ ಕಳಿಸಿದಾಳೆ ಅಂದ. ನಿಮ್ಮ ಮಗ ಎದ್ದುಹೋಗಿ ಕುದುರೆ ಮೈ ಉಜ್ಜಿದ್ರು. ಕಂಟೋನ್ಮೆಂಟಲ್ಲಿ ಮನುಷ್ಯರಿಗೇ ಜಾಗ ಸಿಗಲ್ಲ, ಕುದುರೆ ಸಮೇತ ನಮಗೆ ಯಾರು ಕೊಡ್ತಾರೆ? ಕುದುರೆ ಹೋದ್ರೆ ಅನ್ನ ಎಲ್ಲಿಂದ?

ಮಾರನೇ ಬೆಳಿಗ್ಗೆ ನಾನೇ ಹೋಗಿ ದೊರೆಸಾನಿ ಮುಂದೆ ನಿಂತೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. ಬಂಗಲೇಲಿ ನನಗೆ ತರಕಾರಿ ಕೆಲಸ ಕೊಡಿ, ಈ ಕ್ರಿಸ್ಮಸ್ಸಿಗೆ ಮಾವನ ಕ್ಯಾಸರೋಲು ನಾನು ಮಾಡ್ತೀನಿ, ಚೆನ್ನಾಗಾಗದಿದ್ರೆ ಅವತ್ತೇ ಗಂಟುಮೂಟೆ ಕಟ್ತೀವಿ ಅಂದೆ. ಅಂತೋಣಿ ಅದನ್ನ ಇಂಗ್ಲೀಷಿಗೆ ತಿರುಗಿಸಿ ಹೇಳಿದ. ಕ್ಯಾಸರೋಲು ಅಂತ ಕಿವಿಗೆ ಬಿದ್ದ ತಕ್ಷಣ ಅವಳ ಮುಖ ಒಂಥರಾ ಆಯ್ತು. ಅಂತೋಣಿ ನೆಲ ನೋಡಿದ. ಈ ಹಳ್ಳಿ ಹೆಂಗಸಿಗೆ ಎಲ್ಲಿ ಬರುತ್ತೆ ಅಂತ ತಾತ್ಸಾರ ಅಂದ್ಕೊಂಡು ನಾನು ಅಲ್ಲೇ ಉರಿದುಹೋದೆ. ಕೊನೆಗೆ, ಸರಿ, ಒಂದು ಸಲ ಅಂದ್ಲು. ನಿಮಗೆ ಕೊಟ್ಟ ಚಪ್ಪಾಳೆ ನನಗೆ ಬೇಕಿರ್ಲಿಲ್ಲ ಮಾವ, ಆ ತಗಡಿನ ಶೆಡ್ಡು ಉಳಿದ್ರೆ ಸಾಕಾಗಿತ್ತು.

ಹಬ್ಬಕ್ಕೆ ಎರಡು ದಿನ ಮುಂಚೆ ಬಂಗಲೆ ಅಡಿಗೆಮನೇಲಿ ಒಂದು ತಟ್ಟೆ ಮಾಡಿ ನೋಡೋಣ ಅಂತ ಕೂತೆ. ಎಲ್ಲಾ ಕಿಟಕಿಯಿಂದ ಕಂಡದ್ದೇ, ಗೊತ್ತಿಲ್ಲದ್ದು ನಿಮ್ಮ ಮುಷ್ಟಿ ಅಳತೆ ಮಾತ್ರ. ನಿಮ್ಮ ಮಗನ ಕೈ ನಿಮ್ಮದೇ ಅಚ್ಚಲ್ವಾ? ಅವರ ಕೈಯಲ್ಲಿ ಒಂದು ಮುಷ್ಟಿ ಕಲ್ಲುಪ್ಪು ಹಿಡಿಸಿ, ಲೋಟಕ್ಕೆ ಹುಯ್ಸಿ, ಮಸೀಲಿ ಗುರುತು ಹಾಕ್ಕೊಂಡೆ. ಮಾಡಿದೆ. ಒಲೆಯಿಂದ ತೆಗೆದಾಗ ಮೇಲೆ ಹೊಂಬಣ್ಣ, ಅಂಚಲ್ಲಿ ಗುಳುಗುಳು ಅಂತ ಕುದಿ. ನೋಡೋಕ್ಕೆ ನಿಮ್ಮದೇ. ಆಮೇಲೆ ಚಮಚೇಲಿ ತೊಗೊಂಡು ಬಾಯಿಗೆ ಹಾಕ್ಕೊಂಡೆ. ಹೌದು, ನಿಮ್ಮ ಕಟ್ಟುಪಾಡು ಮುರಿದೆ. ಚೆನ್ನಾಗಾಗದಿದ್ರೆ ಬೀದಿಗೆ ಬೀಳೋಳು ನಾನು, ನೀವಲ್ಲ.

ಬಾಯಿಗೆ ಹಾಕಿದ್ದು ಹಾಗೇ ಹೊರಗೆ ಬಂತು. ಉಪ್ಪು. ಉಪ್ಪಿನಕಾಯಿ ಜಾಡಿಯ ನೀರು ಕುಡಿದ ಹಾಗೆ. ಎರಡು ಸಲ ಹಾಕ್ಬಿಟ್ಟೆ ಅಂದ್ಕೊಂಡೆ, ಗಾಬರಿ ಆಯ್ತು. ಮತ್ತೆ ಒಂದು ಸಣ್ಣ ತಟ್ಟೆ ಹೂಡಿದೆ, ಅಳತೆ ಎಣಿಸಿ ಎಣಿಸಿ ಹಾಕಿದೆ. ಮತ್ತೆ ಅದೇ. ಆಗ ಅಂತೋಣಿ ಬಾಗಿಲಲ್ಲಿ ನಿಂತು ನೋಡ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯವೇ ಇರ್ಲಿಲ್ಲ.

"ನಿಂದೇನೂ ತಪ್ಪಿಲ್ಲಮ್ಮಾ" ಅಂದ. "ನಾಲ್ಕು ವರ್ಷದಿಂದ ಅದು ಹಂಗೇ."

ಅವನನ್ನ ಅಲ್ಲೇ ಕೂರಿಸಿ ಎಲ್ಲಾ ಬಾಯಿ ಬಿಡಿಸಿದೆ. ಡಬ್ಬಿ ಬೆಣ್ಣೆ ಬಂದ ಮೊದಲನೇ ಕ್ರಿಸ್ಮಸ್ಸಿಗೆ ದೊರೆಗಳು ಒಂದೊಂದು ಚಮಚ ಬಾಯಿಗಿಟ್ಟು, ನೀರು ಕುಡಿದು, ತಟ್ಟೆ ಅಂಚಿಗೆ ತಳ್ಳಿದ್ರಂತೆ. ಆದ್ರೂ ನೀವು ಬಾಗಿಲಿಗೆ ಬಂದಾಗ ಚಪ್ಪಾಳೆ ತಟ್ಟಿದ್ರಂತೆ, ತಟ್ಟದಿದ್ರೆ ಚೆನ್ನಾಗಿರಲ್ಲ ಅಂತ. ಮುದುಕನಿಗೆ ಹೇಳೋದು ಬೇಡ, ನೊಂದ್ಕೋತಾನೆ ಅಂದ್ಲಂತೆ ದೊರೆಸಾನಿ. ತುಂಬಿದ ತಟ್ಟೆ ವಾಪಸ್ಸು ಬಂದ್ರೆ ನಿಮಗೆ ಗೊತ್ತಾಗುತ್ತಲ್ಲಾ? ಅದಕ್ಕೆ ಅಂತೋಣಿ ನಾಲ್ಕೂ ತಟ್ಟೆ ಹಿಂದಿನ ದಾರೀಲಿ ಎತ್ಕೊಂಡು ಹೋಗಿ ಕುದುರೆ ಶೆಡ್ಡಲ್ಲಿ ಇಡ್ತಿದ್ನಂತೆ. ತಿಳೀತಾ ಮಾವ? ನೀವು ಬಿಸಿಲಿಗೆ ಹಿಡಿದು ಹಿಡಿದು ನನಗೆ ತೋರಿಸಿದ ತಟ್ಟೆ ನೆಕ್ಕಿದ್ದು ದೊರೆಗಳಲ್ಲ. ನಮ್ಮ ಜಟಕಾ ಕುದುರೆ.

ನಕ್ಕೆ ನೋಡಿ ಅವತ್ತು. ಅಡಿಗೆಮನೆ ನೆಲದಲ್ಲಿ ಕೂತು, ಪಕ್ಕೆ ಹಿಡ್ಕೊಂಡು ನಕ್ಕೆ. ಹನ್ನೊಂದು ವರ್ಷ ನನ್ನ ಸಾರಿಗೆ ಉಪ್ಪು ಜಾಸ್ತಿ ಅಂದ ಮಹಾನುಭಾವರು ನೀವೇ ಅಲ್ವಾ? ನಲವತ್ತು ಜನಕ್ಕೆ ಉಪ್ಪುನೀರು ಕುಡಿಸಿ, ರುಮಾಲು ಸುತ್ಕೊಂಡು ಚಪ್ಪಾಳೆ ತೊಗೊಂಡ್ರಿ. ನಗ್ತಾ ನಗ್ತಾ ಯಾವಾಗ ನಗು ನಿಂತಿತೋ ಗೊತ್ತಾಗ್ಲಿಲ್ಲ. ನೀವು ಆ ಬಾಗಿಲಲ್ಲಿ ಕೈಮುಗಿದು ನಿಂತದ್ದು ಕಣ್ಮುಂದೆ ಬಂತು, ಮೇಜಿನ ಸುತ್ತ ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡದ್ದೂ ಕಂಡ ಹಾಗಾಯ್ತು. ಇಷ್ಟು ದೊಡ್ಡ ಸೈನ್ಯ, ಇಷ್ಟು ದೊಡ್ಡ ಕಚೇರಿ, ದೇಶಕ್ಕೆ ದೇಶ ಆಳೋ ಜನ, ಒಬ್ಬ ಮಾಲಿಗೆ ಉಪ್ಪು ಜಾಸ್ತಿ ಆಯ್ತು ಅಂತ ಒಂದು ಮಾತು ಹೇಳೋಕ್ಕೆ ಇವರ ಕೈಲಿ ಆಗ್ಲಿಲ್ಲ. ಅದಕ್ಕೆ ದಯೆ ಅಂತ ಬೇರೆ ಹೆಸರು. ನೀವು ನನಗೆ ದಿನಾ ಎರಡು ಹೊತ್ತು ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ರಿ. ಅವರಿಗಿಂತ ನೀವೇ ಮೇಲು, ಹಾಗಂತ ಬರೆಯೋಕ್ಕೆ ನನಗೆ ಇಷ್ಟ ಇಲ್ಲದಿದ್ರೂ ಬರೀತೀನಿ.

ಅಂತೋಣಿ ಎದ್ದುಹೋದ ಮೇಲೆ ಆ ಬೆಣ್ಣೆ ಡಬ್ಬಿ ಎತ್ಕೊಂಡು ಬೆರಳಲ್ಲಿ ನೆಕ್ಕಿ ನೋಡಿದೆ. ಅಲ್ಲಿತ್ತು ಕಳ್ಳ. ಬೆಣ್ಣೆ ಕೆಡದೇ ಇರ್ಲಿ ಅಂತ ತುಂಬಾ ಉಪ್ಪು ಬೆರೆಸಿದ್ರು. ಇಷ್ಟು ಸಣ್ಣ ವಿಷಯ. ಒಂದು ಸಲ, ಒಂದೇ ಸಲ ನಾಲಿಗೆ ತುದಿಗೆ ಮುಟ್ಟಿಸಿದ್ರೆ ನಿಮಗೆ ಆ ಕ್ಷಣವೇ ತಿಳೀತಿತ್ತು. ಬೆರಳು ಅದ್ದಿದ್ರೆ ಸಾಕಿತ್ತು, ನನ್ನ ಸಾರಿಗೆ ಅದ್ದಿದ ಹಾಗೆ. ಆಮೇಲೆ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ, ನೂರೆಂಟು ಸಲ ವಿಠಲ ಅಂದಿದ್ರೆ ಆಗ್ತಿರ್ಲಿಲ್ವಾ? ನಿಮ್ಮ ಪಾಂಡುರಂಗ ಅಷ್ಟು ಸಣ್ಣ ಮನಸ್ಸಿನೋನಾ? ಕೇಳಿ ನೋಡಿ, ಈಗ ಅಲ್ಲೇ ಎಲ್ಲೋ ಇರ್ತಾನಲ್ಲಾ.

ಉಪ್ಪು ಕಮ್ಮಿ ಮಾಡ್ಬಿಡು, ಕೆಲಸ ಆಗುತ್ತೆ ಅಂತ ಎದ್ದುಹೋಗ್ತಾ ಹೇಳಿದ್ದ ಅಂತೋಣಿ. ಸುಲಭದ ಮಾತು. ನನಗೆ ಯಾಕೋ ಒಪ್ಪಿಗೆ ಆಗ್ಲಿಲ್ಲ. ನಿಮ್ಮ ಮಗನ ಜಟಕಾ ಹತ್ತಿ ಲಿಂಗರಾಜಪುರಕ್ಕೆ ಹೋದೆ. ಮುನಿಯಮ್ಮ ಇದಾಳೆ, ಎಮ್ಮೆಗಳೂ ಇದಾವೆ, ಯುದ್ಧ ಮುಗಿದು ಬೆಣ್ಣೆ ಸಿಪಾಯಿಗಳ ಪಾಲಾಗೋದೂ ನಿಂತಿದೆ. ನಿಮ್ಮ ಹೆಸರು ಹೇಳಿದೆ. ಆ ಹೂಕೋಸಿನ ಮಾಲಿ ಹೋಗ್ಬಿಟ್ರಾ ಅಂತ ಕಣ್ಣೊರೆಸ್ಕೊಂಡ್ಲು. ಬೆಣ್ಣೆಗೆ ಬದಲು ಹೂಕೋಸೇ ಸಾಕು ಅಂದ್ಲು. ವಾಪಸ್ಸು ಬಂದು, ನೀವು ಬಿದ್ದ ಪಾತೀಲಿ ನೀವೇ ನೆಟ್ಟಿದ್ದ ಹೂಕೋಸು ಹತ್ತು ಕಿತ್ತು ಅವಳಿಗೆ ಕಳಿಸಿದೆ. ಬಂಗಲೆ ತೋಟದ ಮಾಲು, ಅಂತೋಣಿ ಕಂಡೂ ಕಾಣದ ಹಾಗೆ ಆ ಕಡೆ ಮುಖ ತಿರುಗಿಸ್ಕೊಂಡು ನಿಂತ. ಹಬ್ಬದ ಬೆಳಿಗ್ಗೆ ಆ ಬೆಣ್ಣೇಲೇ ಮೈದಾ ಹುರಿದೆ. ಉಪ್ಪು ಲೋಟದ ಗುರುತಿಗೆ ಸರಿಯಾಗಿ ಹಾಕಿದೆ, ಒಂದು ಹರಳು ಕಮ್ಮಿ ಇಲ್ಲ. ಬಾಯಿಗಿಟ್ಟೆ. ಏನು ಹೇಳ್ಲಿ ಮಾವ? ಆ ಜ್ವರದ ಗಂಜಿ... ಇನ್ನೊಂದು ಚಮಚ ತಿಂದೆ. ಇನ್ನೊಂದು.

ಊಟದ ಮಧ್ಯದಲ್ಲಿ ದೊರೆಸಾನಿ ನನ್ನನ್ನ ಬಾಗಿಲಿಗೆ ಕರೆಸಿದ್ಲು. ನೀವು ನಿಲ್ತಿದ್ದ ಜಾಗದಲ್ಲೇ ನಿಂತೆ. ನಾಲ್ಕು ತಟ್ಟೇಲಿ ಮೂರು ಆಗಲೇ ಬರಿದು. ಮಾಲಿ ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ, ಇವಳು ಏನು ಬದಲಾಯಿಸಿದಾಳೆ ಕೇಳು ಅಂತ ಅಂತೋಣಿಗೆ ಹೇಳಿದ್ಲು. ಎಲ್ಲರೂ ನನ್ನ ಕಡೆ ತಿರುಗಿದ್ರು. ಉಪ್ಪು ಕಮ್ಮಿ ಮಾಡಿದೆ ಅಂತ ಒಂದು ಮಾತು ಹೇಳಿದ್ರೆ ಕೆಲಸ ನನ್ನದು, ಶೆಡ್ಡು ನಮ್ಮದು. ಹನ್ನೊಂದು ವರ್ಷದ ಸೇಡೂ ತೀರ್ತಿತ್ತು, ಅದೂ ನಲವತ್ತು ಜನದ ಮುಂದೆ.

"ಏನೂ ಬದಲಾಯಿಸಿಲ್ಲ" ಅಂದೆ. "ಇದು ಅವರ ಅಡಿಗೆ. ಉಪ್ಪೂ ಅವರದೇ ಅಳತೆ. ನಾಲ್ಕು ವರ್ಷ ಅವರಿಗೆ ನೀವು ಒಳ್ಳೆ ಬೆಣ್ಣೆ ಕೊಡಲಿಲ್ಲ, ಅಷ್ಟೇ."

ಅಂತೋಣಿ ನನ್ನ ಮುಖ ನೋಡಿದ. ಹಾಗೇ ಹೇಳು ಅಂದೆ. ಹೇಳಿದ. ದೊರೆಸಾನಿ ಮುಖ ಟೊಮೇಟೊ ಆಯ್ತು. ಹೋಯ್ತು, ಇವತ್ತೇ ಗಂಟು ಕಟ್ಟೋದು ಅಂದ್ಕೊಂಡೆ. ಆಗ ಮೇಜಿನ ಆ ತುದೀಲಿ ಬಿಳಿ ಮೀಸೆಯ ಒಬ್ಬ ಹಳೇ ದೊರೆ ಏನೋ ಹೇಳಿದ, ನಾಲ್ಕನೇ ತಟ್ಟೇನ ತನ್ನ ಕಡೆ ಎಳ್ಕೊಂಡ. ಅಂತೋಣಿ ನನಗೆ ಕನ್ನಡದಲ್ಲಿ ಪಿಸುಗುಟ್ಟಿದ. ಅವಳು ನಿಜ ಹೇಳ್ತಿದಾಳೆ, ಯುದ್ಧಕ್ಕೆ ಮುಂಚೆ ಮಾಲಿ ಮಾಡ್ತಿದ್ದದ್ದು ಇದೇ, ಈ ರುಚಿ ನಾನು ಮರೆತಿಲ್ಲ ಅಂದ್ನಂತೆ. ಕೇಳಿಸ್ತಾ ಮಾವ? ಆ ಮೊದಲನೇ ಚಪ್ಪಾಳೆ ನಿಜವಾದದ್ದೇ ಆಗಿತ್ತು.

ಅವತ್ತು ತಟ್ಟೆ ವಾಪಸ್ಸು ಬಂದಾಗ ನಾನೂ ಬಿಸಿಲಿಗೆ ಹಿಡಿದು ನೋಡಿದೆ. ಮೂಲೆಮೂಲೇಲಿ ಚೀಸು ಅಂಟಿತ್ತು, ಚಮಚ ಗೀಚಿದ ಗೆರೆ ಇತ್ತು. ಮನುಷ್ಯರು ತಿಂದ್ರೆ ಹಾಗೇ, ಯಾರೂ ನೆಕ್ಕಲ್ಲ. ಬೂದಿ ಹಾಕಿ ತಿಕ್ಕೋಕ್ಕೆ ಅರ್ಧ ಗಂಟೆ ಹಿಡೀತು. ಶೆಡ್ಡಲ್ಲಿ ಕುದುರೆ ಕಾದು ಕಾದು ಕಾಲು ಕುಟ್ತಿತ್ತು. ಅದಕ್ಕೊಂದು ಹರಳು ಕಲ್ಲುಪ್ಪು ಕೊಟ್ಟೆ, ಸುಮ್ಮನಾಯ್ತು. ಮಾರನೇ ದಿನ ದೊರೆಸಾನಿ ಹೇಳಿ ಕಳಿಸಿದ್ಲು, ಹೊಸ ಮಾಲಿಗೆ ಗೇಟಿನ ಹತ್ತಿರದ ಕೋಣೆ ಕೊಡ್ತಾಳಂತೆ, ನಾವು ಇಲ್ಲೇ ಇರ್ಬಹುದು. ಡಬ್ಬಿ ಬೆಣ್ಣೆ ನಿಂತಿದೆ, ಮುನಿಯಮ್ಮ ದಿನಾ ಬರ್ತಾಳೆ. ಕುದುರೆ ವಿಷಯ ನಿಮ್ಮ ಮಗನಿಗೂ ಹೇಳಿಲ್ಲ. ಬೀದಿಯೋರೆಲ್ಲಾ ಈಗಲೂ ನಿಮ್ಮ ತಟ್ಟೆ ದೊರೆಗಳೇ ನೆಕ್ಕಿದ್ದು ಅಂತ ನಂಬಿದಾರೆ. ನಂಬ್ಕೊಳ್ಳಲಿ.

ಬರೋ ಕಾರ್ತಿಕದಲ್ಲಿ ನಿಮಗೆ ವರ್ಷ ತುಂಬುತ್ತೆ. ಎಡೆ ಇಡೋ ದಿನ ನಮ್ಮ ಮನೆ ಒಲೇಲಿ, ನಮ್ಮ ಹೊಸ ಮಡಕೇಲಿ, ಮುಚ್ಚಳದ ಮೇಲೆ ಕೆಂಡ ಸುರಿದು ಕ್ಯಾಸರೋಲು ಮಾಡ್ತೀನಿ. ಮಾಂಸ ಮುಟ್ಟಿದ ಸೌಟಿಲ್ಲ, ಡಬ್ಬಿ ಇಲ್ಲ, ಚೀಸಿಲ್ಲ. ನೀವು ಬೆಳೆದ ಬೀಜದ ಹೂಕೋಸು, ಮುನಿಯಮ್ಮನ ಬೆಣ್ಣೆ. ನಿಮ್ಮ ತುಳಸಿಮಣಿಗೆ ಏನೂ ಆಗಲ್ಲ. ಎಲೆ ಹಾಕಿ ಬಡಿಸಿ ಈಚೆ ಬಂದು ನಿಲ್ತೀನಿ, ನೀವು ಕಾಗೆಯಾಗಾದ್ರೂ ಬನ್ನಿ, ಹೆಂಗಾದ್ರೂ ಬನ್ನಿ. ಬಂದು ಈಗಲಾದ್ರೂ ನೀವು ಮಾಡಿದ್ದನ್ನ ನೀವೇ ಒಂದು ಸಲ ರುಚಿ ನೋಡಿ. ಉಪ್ಪು ನಿಮ್ಮ ಮುಷ್ಟಿಯದೇ ಹಾಕಿರ್ತೀನಿ. ಜಾಸ್ತಿ ಅಂತ ಎಲೆ ತಳ್ಳೋಂಗಿಲ್ಲ.

ನಿಮ್ಮ ಸೊಸೆ,
ಗಂಗಮ್ಮ